ನಿಂತವರು, ಬಲತುದಿ: ನಗರಗಳ ಹಳೆಯ ಫೋಟೋಗಳನ್ನು ಕಾಯುವವರಿಗೆ ಬಹಿರಂಗ ಪತ್ರ

ನಗರಗಳ ಹಳೆಯ ಫೋಟೋಗಳನ್ನು ಜೋಪಾನ ಮಾಡುತ್ತಿರುವ ಪತ್ರಾಗಾರ, ವಸ್ತುಸಂಗ್ರಹಾಲಯ, ಗ್ರಂಥಾಲಯಗಳ ಅಧಿಕಾರಿಗಳಿಗೆ ಮತ್ತು ಅಟ್ಟದ ಮೇಲಿನ ಟ್ರಂಕಿನಲ್ಲಿ ಅಂಥದೇ ಒಂದು ಕಟ್ಟು ಇಟ್ಟು ಮರೆತಿರುವ ಮನೆಗಳವರಿಗೆ,

ನಮಸ್ಕಾರ.

ನನ್ನ ಮುಂದೆ ಒಂದು ಗುಂಪು ಫೋಟೋದ ಪ್ರತಿ ಇದೆ. ಮೂಲವನ್ನು ದಪ್ಪ ರಟ್ಟಿಗೆ ಅಂಟಿಸಿದ್ದಾರೆ, ಅಂಚೆಲ್ಲ ಹಳದಿಗಟ್ಟಿದೆ. ಹಿನ್ನೆಲೆಯಲ್ಲಿ ಕಮಾನುಗಳ ಸಾಲಿರುವ ಕಚೇರಿ ಕಟ್ಟಡ, ಮುಂದೆ ಎರಡು ಸಾಲು ಜನ. ರಟ್ಟಿನ ಮೇಲೆ ದುಂಡನೆಯ ಅಕ್ಷರದಲ್ಲಿ ಕಟ್ಟಡದ ಹೆಸರು, ತಾರೀಖು, ಅದರ ಕೆಳಗೆ 'ಕುಳಿತವರು, ಎಡದಿಂದ ಬಲಕ್ಕೆ' ಎಂದು ನಾಲ್ಕು ಹೆಸರು, 'ನಿಂತವರು' ಎಂದು ಐದು ಹೆಸರು. ಒಟ್ಟು ಒಂಬತ್ತು. ಚಿತ್ರದಲ್ಲಿರುವ ತಲೆಗಳನ್ನು ಎಣಿಸಿದರೆ ಹತ್ತು. ನಿಂತವರ ಸಾಲಿನ ಬಲತುದಿಯಲ್ಲಿ, ಉಳಿದವರಿಂದ ಅರ್ಧ ಹೆಜ್ಜೆ ಸರಿದು, ಇನ್ನೊಬ್ಬ ನಿಂತಿದ್ದಾನೆ. ಕಾಲಲ್ಲಿ ಚಪ್ಪಲಿ ಇಲ್ಲ. ಕೈ ಎಲ್ಲಿಡಬೇಕೆಂದು ತೋಚದೆ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡಿದ್ದಾನೆ. ಭೂತಗನ್ನಡಿ ಹಿಡಿದರೆ ಅಂಗಿಯ ಎರಡನೆಯ ಗುಂಡಿ ಉಳಿದವುಗಳ ಜೋಡಿಯಲ್ಲ ಎನ್ನುವುದೂ ಕಾಣುತ್ತದೆ. ಗುಂಡಿ ಕಾಣುತ್ತದೆ, ಹೆಸರು ಎಲ್ಲೂ ಇಲ್ಲ.

ಮೇಲಿನ ಸಾಲುಗಳನ್ನು ಬರೆದು ಓದಿಕೊಂಡಾಗ ನನಗೇ ಇರುಸುಮುರುಸಾಯಿತು. 'ನಿಂತಿದ್ದಾನೆ' ಎಂದು ಬರೆದಿದ್ದೇನೆ. ಹೆಸರಿರುವ ಒಂಬತ್ತು ಜನರಲ್ಲಿ ಯಾರ ಬಗ್ಗೆ ಬರೆದಿದ್ದರೂ 'ನಿಂತಿದ್ದಾರೆ' ಎಂದೇ ಬರುತ್ತಿತ್ತು. ಹೆಸರು ಇಲ್ಲದವರಿಗೆ ಏಕವಚನ ತಾನಾಗಿಯೇ ಬಂದುಬಿಡುತ್ತದೆ. ಅಳಿಸದೆ ಹಾಗೇ ಬಿಟ್ಟಿದ್ದೇನೆ. ಈ ಪತ್ರ ಬರೆಯುತ್ತಿರುವುದೇ ಅದರ ಬಗ್ಗೆ.

ನಗರದ ಹಳೆಯ ಚಿತ್ರಗಳಲ್ಲಿ ಕಟ್ಟಡಕ್ಕೆ ಹೆಸರಿರುತ್ತದೆ, ಜನಕ್ಕೆ ಇರುವುದಿಲ್ಲ. ಇದು ಇವತ್ತಿನ ಅಭ್ಯಾಸವಲ್ಲ, ಫೋಟೋಗ್ರಫಿ ಹುಟ್ಟಿದಾಗಿನಿಂದ ಬಂದದ್ದು. 1838ರಲ್ಲಿ ಪ್ಯಾರಿಸ್ಸಿನಲ್ಲಿ, ಲೋಹದ ತಟ್ಟೆಯ ಮೇಲೆ ಫೋಟೋ ಮೂಡಿಸುವ ವಿಧಾನ ಕಂಡುಹಿಡಿದ ಲೂಯಿ ದಾಗೆರ್ ಎತ್ತರದ ಕಿಟಕಿಯೊಂದರಿಂದ 'ಬುಲ್ವಾರ್ ದ್ಯು ತಾಂಪ್ಲ್' ಎಂಬ ಬೀದಿಯ ಚಿತ್ರ ತೆಗೆದ. ತಟ್ಟೆಯ ಮೇಲೆ ಬೆಳಕು ಮೂಡಲು ಹಲವು ನಿಮಿಷ ಹಿಡಿಯುತ್ತಿದ್ದ ಕಾಲ ಅದು. ಆ ನಿಮಿಷಗಳಲ್ಲಿ ಬೀದಿಯಲ್ಲಿ ಓಡಾಡಿದ ಗಾಡಿ, ಕುದುರೆ, ಮನುಷ್ಯರು ಯಾರೂ ಅಚ್ಚಾಗಲಿಲ್ಲ. ಮನೆಗಳು, ಮರಗಳು, ಚಿಮಣಿಗಳು ಉಳಿದವು. ಜನರ ಪೈಕಿ ಉಳಿದವನು ಬೂಟು ಪಾಲಿಶ್ ಮಾಡಿಸಿಕೊಳ್ಳಲು ಒಂದು ಕಾಲು ಎತ್ತಿಟ್ಟು ಅಲುಗದೆ ನಿಂತವನು, ಅವನ ಮುಂದೆ ಬಗ್ಗಿದ ಪಾಲಿಶಿನವನ ಮಸುಕು ಆಕೃತಿ. ಫೋಟೋದಲ್ಲಿ ಸಿಕ್ಕ ಮೊಟ್ಟಮೊದಲ ಮನುಷ್ಯ ಎಂದು ಎಲ್ಲ ಕಡೆ ತೋರಿಸುವುದು ಆ ನಿಂತವನನ್ನೇ. ಬೀದಿಯ ಹೆಸರು ಎಲ್ಲರಿಗೂ ಗೊತ್ತು. ಇವರಿಬ್ಬರೂ ಯಾರೋ.

ಆಮೇಲೆ ತಂತ್ರ ಸುಧಾರಿಸಿತು. 1851ರಲ್ಲಿ ಫ್ರೆಡೆರಿಕ್ ಸ್ಕಾಟ್ ಆರ್ಚರ್ ಗಾಜಿನ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವ ಬಳಿದು ತೆಗೆಯುವ ವಿಧಾನವನ್ನು ಪ್ರಕಟಿಸಿದ ಮೇಲೆ ನಿಮಿಷಗಳಿದ್ದದ್ದು ಸೆಕೆಂಡುಗಳಿಗೆ ಇಳಿಯಿತು, ಜನ ಚಿತ್ರದೊಳಗೆ ಬಂದರು. ಅಡಿಬರಹದೊಳಗೆ ಬರಲಿಲ್ಲ. ಪ್ಯಾರಿಸ್ಸಿನ ಇಕ್ಕಟ್ಟಿನ ಓಣಿಗಳನ್ನು ಕೆಡವಿ ಅಗಲ ರಸ್ತೆ ಮಾಡುವಾಗ ನಗರಾಡಳಿತವೇ ಶಾರ್ಲ್ ಮಾರ್ವಿಲ್ ಎಂಬಾತನನ್ನು ನೇಮಿಸಿ, ನೆಲಸಮವಾಗಲಿದ್ದ ನಾನೂರಕ್ಕೂ ಹೆಚ್ಚು ಬೀದಿ ದೃಶ್ಯಗಳನ್ನು ಸೆರೆಹಿಡಿಸಿತು. ಗ್ಲಾಸ್ಗೋದಲ್ಲಿ 1866ರ ನಗರ ಸುಧಾರಣಾ ಕಾಯ್ದೆಯಡಿ ಕೊಳಚೆ ಓಣಿಗಳನ್ನು ತೆರವು ಮಾಡುವ ಮುಂಚೆ ಥಾಮಸ್ ಆನನ್ 1868ರಿಂದ 1871ರವರೆಗೆ ಅವುಗಳ ಚಿತ್ರ ತೆಗೆದ. ಆನನ್‌ನ ಚಿತ್ರಗಳಲ್ಲಿ ಓಣಿಯ ಕತ್ತಲು ಎಷ್ಟೆಂದರೆ ಸ್ವಲ್ಪ ಅಲುಗಿದ ಮಕ್ಕಳೆಲ್ಲ ಹೊಗೆಯ ಹಾಗೆ ಕಾಣುತ್ತಾರೆ. ಕೆಳಗೆ 'ಓಣಿ, ನಂ. 118, ಹೈ ಸ್ಟ್ರೀಟ್' ಅಂತಿರುತ್ತದೆ. ಓಣಿಗೆ ನಂಬರು, ಗೋಡೆಗೆ ವಿಳಾಸ. ಗೋಡೆಗೆ ಒರಗಿದ ಹೆಂಗಸಿಗೆ ಏನೂ ಇಲ್ಲ. ಮುಂದೆ ಅವಳ ಮನೆ ಹೋಗುವುದಿತ್ತು. ಆದೇಶ ಹೊರಡಿಸಿದವರಿಗೆ ಬೇಕಾಗಿದ್ದದ್ದು ಹೋಗಲಿರುವ ಗೋಡೆಯ ದಾಖಲೆ ಮಾತ್ರ.

ಜನರನ್ನೇ ಮುಖ್ಯ ಮಾಡಿ ತೆಗೆದಾಗಲೂ ಹೆಸರು ಬರಲಿಲ್ಲ, ಇನ್ನೊಂದು ಬಂತು. 1868ರಿಂದ 1875ರವರೆಗೆ ಬ್ರಿಟಿಷ್ ಸರ್ಕಾರ ಭಾರತದ ಜನರ ಚಿತ್ರಗಳನ್ನು ಎಂಟು ಸಂಪುಟಗಳಲ್ಲಿ ಹೊರತಂದಿತು. ಬಹುಪಾಲು ಚಿತ್ರಗಳ ಕೆಳಗಿರುವುದು ಜಾತಿ, ಬುಡಕಟ್ಟು, ಕಸುಬಿನ ಹೆಸರು. ಕ್ಯಾಮೆರಾ ಎದುರು ಉಸಿರು ಬಿಗಿಹಿಡಿದು ಕೂತ ಮನುಷ್ಯ ಒಂದು ಮಾದರಿಯಾಗಿ, ಚಿಟ್ಟೆಗೆ ಪಿನ್ನು ಚುಚ್ಚಿ ಚೀಟಿ ಅಂಟಿಸಿದ ಹಾಗೆ. ಬೇಸರವೆಂದರೆ ನಮ್ಮ ಇವತ್ತಿನ ಪಟ್ಟಿಗಳೂ ಅದೇ ಧಾಟಿಯಲ್ಲಿವೆ. 'ಬೀದಿ ದೃಶ್ಯ', 'ಸ್ಥಳೀಯ ಮಹಿಳೆ', 'ಕೂಲಿಕಾರರು, ಹಿನ್ನೆಲೆಯಲ್ಲಿ ಪುರಭವನ'. ಪುರಭವನ ಹಿನ್ನೆಲೆಯಲ್ಲಿದೆಯಂತೆ, ಆದರೂ ಹೆಸರು ಅದಕ್ಕೇ.

ಬೇರೆ ರೀತಿ ಮಾಡಲು ಸಾಧ್ಯವಿತ್ತೇ ಎಂದು ಕೇಳಿದರೆ, ಮಾಡಿದವರಿದ್ದಾರೆ. ಅಮೆರಿಕದಲ್ಲಿ ಲೂಯಿಸ್ ಹೈನ್ 1908ರಿಂದ ಗಿರಣಿ, ಗಣಿ, ಪತ್ರಿಕೆ ಮಾರುವ ಬೀದಿಗಳಲ್ಲಿ ದುಡಿಯುತ್ತಿದ್ದ ಮಕ್ಕಳ ಫೋಟೋ ತೆಗೆಯುತ್ತ ಹೋದ. ಮಾಲೀಕರಿಗೆ ಗೊತ್ತಾದರೆ ಒದ್ದು ಓಡಿಸುತ್ತಿದ್ದರು. ಅದಕ್ಕೆ ಜೇಬಿನೊಳಗೇ ಕೈಯಿಟ್ಟು ಕಾಣದ ಹಾಗೆ ಟಿಪ್ಪಣಿ ಗೀಚಿಕೊಳ್ಳುತ್ತಿದ್ದ. ತನ್ನ ಕೋಟಿನ ಗುಂಡಿಗಳು ನೆಲದಿಂದ ಎಷ್ಟೆತ್ತರ ಎಂದು ಮೊದಲೇ ಅಳೆದಿಟ್ಟುಕೊಂಡು, ಮಗು ಎಷ್ಟನೆಯ ಗುಂಡಿಗೆ ಬರುತ್ತದೆ ಎಂಬುದರ ಮೇಲೆ ಎತ್ತರ ಬರೆದುಕೊಳ್ಳುತ್ತಿದ್ದ. ಸಾಧ್ಯವಾದಲ್ಲೆಲ್ಲ ಹೆಸರು, ವಯಸ್ಸು. ಅವನ 5,000ಕ್ಕೂ ಹೆಚ್ಚು ಚಿತ್ರಗಳು ಈಗ ಅಮೆರಿಕದ ಸಂಸತ್ತಿನ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಆ ಹೆಸರುಗಳನ್ನು ಹಿಡಿದು ನೂರು ವರ್ಷದ ಮೇಲೆ ಮೊಮ್ಮಕ್ಕಳನ್ನು ಹುಡುಕಿ, 'ಇದು ನಿಮ್ಮ ಅಜ್ಜಿ' ಎಂದು ತೋರಿಸಲು ಸಾಧ್ಯವಾಗಿದೆ. ಜೇಬಿನೊಳಗಿನ ಪೆನ್ಸಿಲ್ಲು ಮಾಡಿದ ಕೆಲಸ ಅದು.

ಕಟ್ಟಡಗಳ ಚಿತ್ರ ಬೇಡ ಎನ್ನುತ್ತಿದ್ದೇನೆ ಎಂದು ದಯವಿಟ್ಟು ತಿಳಿಯಬೇಡಿ. ಅವುಗಳ ಬೆಲೆ ಏನೆಂದು ಹಂಪಿ ನೋಡಿದ ಯಾರಿಗಾದರೂ ಒಂದೇ ಚಿತ್ರದಲ್ಲಿ ತೋರಿಸಬಹುದು. ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ನಾವೆಲ್ಲ ಬೋಳು ನೆತ್ತಿಯದಾಗಿಯೇ ಬಲ್ಲೆವು, ಐವತ್ತರ ನೋಟಿನ ಮೇಲೂ ಹಾಗೇ ಇದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ದೊಡ್ಡ ನೆಗೆಟಿವ್‌ಗಳಲ್ಲಿ ತೆಗೆದ ಚಿತ್ರದಲ್ಲಿ ಆ ರಥದ ತಲೆಯ ಮೇಲೆ ಇಟ್ಟಿಗೆಯ ಶಿಖರವಿದೆ. ಆಮೇಲೆ ಅದನ್ನು ತೆಗೆದುಹಾಕಿದರು. ನೂರಿಪ್ಪತ್ತು ವರ್ಷ ಯಾರ ಕಣ್ಣಿಗೂ ಬೀಳದೆ ಎಲ್ಲೋ ಇದ್ದ ಆ ಕಾಗದಗಳು ಸಿಗದೇ ಹೋಗಿದ್ದರೆ, ರಥ ಹುಟ್ಟಿದ್ದೇ ಹೀಗೆ ಎಂದು ವಾದಿಸುತ್ತ ಕೂತಿರುತ್ತಿದ್ದೆವು. ಎರಡನೆಯ ಮಹಾಯುದ್ಧದಲ್ಲಿ ನೆಲಕ್ಕುರುಳಿದ ವಾರ್ಸಾದ ಹಳೆಯ ಪೇಟೆಯನ್ನು ಮತ್ತೆ ಎಬ್ಬಿಸಿದವರಿಗೆ ಹದಿನೆಂಟನೆಯ ಶತಮಾನದ ವರ್ಣಚಿತ್ರಗಳು, ಯುದ್ಧಕ್ಕೆ ಮುಂಚಿನ ಅಳತೆಯ ನಕ್ಷೆಗಳು, ಫೋಟೋಗಳು ಆಸರೆಯಾದವು. ಗೋಡೆ ಬಿದ್ದರೆ ಚಿತ್ರ ನೋಡಿ ಮತ್ತೆ ಕಟ್ಟಬಹುದು. ಹೆಸರು ಬಿದ್ದರೆ ಚಿತ್ರ ಎಷ್ಟು ನೋಡಿದರೂ ಸಿಗುವುದಿಲ್ಲ. ಅದಕ್ಕೇ ಈ ಅವಸರ.

ಈಗ ಕೇಳಿಕೆಗೆ ಬರುತ್ತೇನೆ. ಮೊದಲನೆಯದು ತೀರ ಸಣ್ಣದು. ಫೋಟೋದ ಬೆನ್ನನ್ನೂ ಸ್ಕ್ಯಾನ್ ಮಾಡಿ.

ಇದನ್ನು ಹೇಳುವಾಗ ನನಗೆ ಹೊಟ್ಟೆ ಉರಿಯುತ್ತದೆ, ಕಾರಣ ಇದೆ. ನಮ್ಮಜ್ಜಿಯ ಫೋಟೋ ಒಂದಿತ್ತು. ಯಾವುದೋ ಕಟ್ಟೆಯ ಮೇಲೆ, ಅಕ್ಕತಂಗಿಯರೋ ಗೆಳತಿಯರೋ ಗೊತ್ತಿಲ್ಲದ ಇನ್ನಿಬ್ಬರ ನಡುವೆ ಕೂತಿದ್ದು. ಮೂಲೆ ಮುರಿದು, ಅಜ್ಜಿಯ ಕೆನ್ನೆಯ ಮೇಲೆ ಬಿಳಿ ಕಲೆ ಎದ್ದಿತ್ತು. ಸರಿ ಮಾಡಿಸೋಣವೆಂದು ಒಂದು ಕಡೆ ಕೊಟ್ಟೆ. ವಾರ ಬಿಟ್ಟು ಹೋದರೆ ಹೊಳೆಯುವ ಕಾಗದದ ಮೇಲೆ ಹೊಸ ಚಿತ್ರ ಕೈಗಿಟ್ಟರು. ಕಲೆ ಹೋಗಿತ್ತು. ಕಲೆಯ ಜೊತೆ ಗಲ್ಲದ ಮಚ್ಚೆಯೂ ಹೋಗಿತ್ತು. ಮೂವರಿಗೂ ಒಂದೇ ನುಣುಪು ಚರ್ಮ. ಹಳೆಯದು ಎಲ್ಲಿ ಎಂದೆ. "ರಟ್ಟು ಪೂರಾ ಹುಳ ಹಿಡಿದಿತ್ತು ಸಾರ್, ಫೋಟೋ ಬಿಡಿಸಿಕೊಂಡು ಎಸೆದ್ವಿ" ಎಂದರು. ಆ ರಟ್ಟಿನ ಹಿಂದೆ ಪೆನ್ಸಿಲ್ಲಿನಲ್ಲಿ ಎರಡು ಸಾಲು ಇತ್ತು. ಒಂದರಲ್ಲಿ ಊರು, ಇಸವಿ. ಇನ್ನೊಂದರಲ್ಲಿ ಮೂರು ಹೆಸರು. ಚಿಕ್ಕವನಿದ್ದಾಗ ಓದಿದ್ದೆ, ಅಜ್ಜಿಯ ಹೆಸರು ಬಿಟ್ಟು ಉಳಿದೆರಡು ನೆನಪಿಲ್ಲ. ಬೈದು ಪ್ರಯೋಜನವಿರಲಿಲ್ಲ, ಅವರು ನಾನು ಹೇಳಿದ ಕೆಲಸವನ್ನೇ ಮಾಡಿದ್ದರು. ಬೆನ್ನಿನ ಬಗ್ಗೆ ನಾನು ಏನೂ ಹೇಳಿರಲಿಲ್ಲ.

ಚಿತ್ರದ ಬೆನ್ನಿನಲ್ಲಿ ಏನೇನಿರುತ್ತದೆ ನೋಡಿ. ಸ್ಟುಡಿಯೋದ ಮುದ್ರೆ, ಅದರಲ್ಲಿ ವಿಳಾಸ. ಆ ವಿಳಾಸದಲ್ಲಿ ಆ ಸ್ಟುಡಿಯೋ ಯಾವ ವರ್ಷದಿಂದ ಯಾವ ವರ್ಷದವರೆಗಿತ್ತು ಎಂದು ಹಳೆಯ ಜಾಹೀರಾತುಗಳಿಂದ ಗೊತ್ತಾದರೆ ಫೋಟೋದ ಕಾಲ ಸಿಗುತ್ತದೆ. ಮರುಪ್ರತಿ ಬೇಕಾದರೆ ಹೇಳಲು ಬರೆದ ನೆಗೆಟಿವ್ ಸಂಖ್ಯೆ. ಅಂಟಿನ ಗುರುತು, ಆಲ್ಬಮ್ಮಿನ ಪುಟದ ಕಪ್ಪು ಚೂರು. ಎರಡು ಬೇರೆ ಕೈಬರಹಗಳು, ಒಂದು ಇನ್ನೊಂದನ್ನು ಹೊಡೆದುಹಾಕಿ 'ಅಲ್ಲ, ಇದು ಸೋದರಮಾವನ ಮದುವೆ' ಎಂದು ತಿದ್ದಿರುತ್ತದೆ. ಇಷ್ಟೆಲ್ಲ ಇರುವ ಬದಿಯನ್ನು ಸ್ಕ್ಯಾನರಿನ ಮುಚ್ಚಳದ ಕಡೆಗೆ ತಿರುಗಿಸಿ, ಬರೀ ಮುಂಬದಿ ತೆಗೆದು, ಅದನ್ನೂ ಅಂಚು ಕತ್ತರಿಸಿ, ಮಧ್ಯದಲ್ಲಿ ಸಂಸ್ಥೆಯ ಹೆಸರು ಅಡ್ಡಡ್ಡ ಬಳಿದು ಜಾಲತಾಣಕ್ಕೆ ಹಾಕುತ್ತೀರಿ. ಆ ಅಡ್ಡ ಬರಹ ಬಹಳ ಸಲ ಸರಿಯಾಗಿ ಯಾರದೋ ಮುಖದ ಮೇಲೆ ಬಂದಿರುತ್ತದೆ.

ಎರಡನೆಯದು, ದೊಡ್ಡದಾಗಿ ಸ್ಕ್ಯಾನ್ ಮಾಡಿ, ಮಾಡಿದ್ದನ್ನು ನೋಡಲು ಬಿಡಿ. 1848ರ ಸೆಪ್ಟೆಂಬರಿನಲ್ಲಿ ಚಾರ್ಲ್ಸ್ ಫಾಂಟೇನ್, ವಿಲಿಯಂ ಪೋರ್ಟರ್ ಎಂಬಿಬ್ಬರು ಅಮೆರಿಕದ ಸಿನ್ಸಿನಾಟಿ ನಗರದ ನದೀತೀರವನ್ನು ದಾಗೆರ್ ವಿಧಾನದ ಎಂಟು ಲೋಹದ ತಟ್ಟೆಗಳಲ್ಲಿ (ದಾಗೆರೋಟೈಪ್) ಸಾಲಾಗಿ ತೆಗೆದರು. ಆಮೇಲಿನ ಸಂಶೋಧಕರು ದಡದಲ್ಲಿ ಕಟ್ಟಿದ್ದ ಹಬೆದೋಣಿಗಳನ್ನು ಗುರುತಿಸಿ, ಯಾವ ದೋಣಿ ಯಾವಾಗ ಆ ಊರಿನಲ್ಲಿತ್ತು ಎಂದು ತಾಳೆ ನೋಡಿ ದಿನ ಪತ್ತೆ ಮಾಡಿದರು. ಈಚೆಗೆ ಅವನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಗೋಪುರವೊಂದರ ಗಡಿಯಾರ ಸಿಕ್ಕಿತು. ತಟ್ಟೆಯ ಮೇಲೆ ಅದರ ಮುಖ ಸುಮಾರು ಒಂದು ಮಿಲಿಮೀಟರ್. ಮುಳ್ಳುಗಳು ಮಧ್ಯಾಹ್ನ ಎರಡು ಗಂಟೆಗೆ ಐದು ನಿಮಿಷ ಕಡಿಮೆ ತೋರಿಸುತ್ತಿದ್ದವು. ಇಂಥ ವಿವರ ಹೊತ್ತ ಚಿತ್ರಗಳು ನಿಮ್ಮ ಕಪಾಟುಗಳಲ್ಲೂ ಇವೆ. ದೊಡ್ಡ ಗಾಜಿನ ನೆಗೆಟಿವ್ ಎಂದರೆ ಹುಡುಗಾಟವಲ್ಲ, ಅದರಲ್ಲಿ ಅಂಗಡಿಯ ಬೋರ್ಡು, ಗೋಡೆಯ ಮೇಲಿನ ಭಿತ್ತಿಪತ್ರ, ಮೂರನೆಯ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿರುವವರ ಮುಖ, ಎಲ್ಲ ಇರುತ್ತದೆ. ಅಂಚೆಚೀಟಿ ಗಾತ್ರದ ಪ್ರತಿಯಲ್ಲಿ ಇದೇನೂ ಇರುವುದಿಲ್ಲ.

ನ್ಯೂಯಾರ್ಕ್ ನಗರ ತೆರಿಗೆ ಲೆಕ್ಕಕ್ಕೆಂದು 1939ರಿಂದ 1941ರ ನಡುವೆ ತನ್ನ ಐದೂ ವಿಭಾಗಗಳ ಪ್ರತಿಯೊಂದು ಕಟ್ಟಡದ ಚಿತ್ರ ತೆಗೆಸಿತು, 7 ಲಕ್ಷಕ್ಕೂ ಹೆಚ್ಚು. ಒಬ್ಬರು ಕಟ್ಟಡದ ಸಂಖ್ಯೆ ಜೋಡಿಸಿದ ಹಲಗೆ ಹಿಡಿಯುವುದು, ಇನ್ನೊಬ್ಬರು ತೆಗೆಯುವುದು. ಕಲೆಯ ಉದ್ದೇಶ ಇಲ್ಲವೇ ಇಲ್ಲ. 2018ರಲ್ಲಿ ನಗರದ ಪತ್ರಾಗಾರ ಅವನ್ನೆಲ್ಲ ಎಲ್ಲರೂ ನೋಡುವ ಹಾಗೆ ಹಾಕಿದ ಮೇಲೆ ಜನ ಹುಡುಕಿದ್ದು ತಾತ ಇದ್ದ ಮನೆಯನ್ನು, ಮೆಟ್ಟಿಲ ಮೇಲೆ ಅಕಸ್ಮಾತ್ ಕೂತಿರಬಹುದಾದವರನ್ನು. ತೆರಿಗೆಯ ಕಡತ ಮನೆಮಂದಿಯ ಆಲ್ಬಮ್ ಆಯಿತು. ಇಂಥ ಸಂಗ್ರಹಗಳನ್ನು ಬೀಗ ಹಾಕಿಟ್ಟು 'ಸಂಶೋಧಕರಿಗೆ ಮಾತ್ರ' ಎನ್ನುವವರು ಇದನ್ನೊಮ್ಮೆ ಯೋಚಿಸಬೇಕು.

ಮೂರನೆಯದು ಈಗಿನ ಕಾಲದ ಚಾಳಿ. ಬಣ್ಣ ತುಂಬುವುದು, ಯಂತ್ರದಿಂದ ಮುಖ 'ಸ್ಪಷ್ಟ' ಮಾಡಿಸುವುದು. ಹಳೆಯ ಗಾಜಿನ ತಟ್ಟೆಗಳಿಗೆ ನೀಲಿ ಮಾತ್ರ ಚೆನ್ನಾಗಿ ಕಾಣುತ್ತಿತ್ತು, ಕೆಂಪು ಕಾಣುತ್ತಲೇ ಇರಲಿಲ್ಲ. ಅದಕ್ಕೇ ಅವುಗಳಲ್ಲಿ ಆಕಾಶ ಬರೀ ಬಿಳಿ, ಕೆಂಪು ಬಟ್ಟೆ ಕಪ್ಪು, ಮೈಬಣ್ಣ ನಿಜಕ್ಕಿಂತ ಗಾಢ. ಇದು ಗೊತ್ತಿಲ್ಲದ ಯಂತ್ರ ಕಪ್ಪನ್ನು ಕಪ್ಪೆಂದೇ ತಿಳಿದು ಬಣ್ಣ ಬಳಿಯುತ್ತದೆ. ಮಸುಕು ಮುಖಕ್ಕೆ ಯಾವುದೋ ಲಕ್ಷ ಮುಖಗಳ ಸರಾಸರಿ ಕಣ್ಣು ಮೂಗು ತಂದು ಕೂರಿಸುತ್ತದೆ. ನೋಡಲು ಚೆಂದ, ಆದರೆ ಅದು ಬೇರೆಯವರ ಮುಖ. ಕಾಂಬೋಡಿಯಾದ ನಾಂ ಪೆನ್ ನಗರದ ಎಸ್-21 ಸೆರೆಮನೆಯಲ್ಲಿ, ಆ ದೇಶವನ್ನು 1970ರ ದಶಕದಲ್ಲಿ ಆಳಿದ ಖಮೇರ್ ರೂಜ್ ಆಡಳಿತ ಕೊಲ್ಲುವ ಮುಂಚೆ ತೆಗೆದ ಕೈದಿಗಳ ಚಿತ್ರಗಳಿವೆ. 2021ರಲ್ಲಿ ಅವುಗಳಲ್ಲಿ ಕೆಲವಕ್ಕೆ ಬಣ್ಣ ಹಾಕುವುದರ ಜೊತೆಗೆ ತುಟಿಯ ಮೇಲೆ ನಗುವನ್ನೂ ಸೇರಿಸಿ ಪ್ರಕಟಿಸಲಾಯಿತು. ಕಾಂಬೋಡಿಯಾದ ಸಂಸ್ಕೃತಿ ಸಚಿವಾಲಯ ಪ್ರತಿಭಟಿಸಿತು, ಸತ್ತವರ ಮನೆಯವರು ಕೆರಳಿದರು, ಪ್ರಕಟಿಸಿದವರು ಹಿಂದೆಗೆದುಕೊಂಡರು. ಅಷ್ಟು ದೂರ ಹೋಗುವ ಅಗತ್ಯವಿಲ್ಲ, ನಮ್ಮಜ್ಜಿಯ ಮಚ್ಚೆ ಸಾಕು. ಬಣ್ಣ ಹಾಕಿಯೇ ತೀರುತ್ತೇವೆ ಎನ್ನುವವರು ಮೂಲವನ್ನು ಪಕ್ಕದಲ್ಲೇ ಇಡಿ, ಇದು ಊಹೆ ಎಂದು ಅಡಿಯಲ್ಲಿ ಬರೆಯಿರಿ.

ಮನೆಗಳವರಿಗೆ ಹೇಳುವುದು ಹೆಚ್ಚಿಲ್ಲ. ಅಂಟುಪುಟದ ಆಲ್ಬಮ್‌ನಿಂದ ಫೋಟೋಗಳನ್ನು ಹೊರಗೆ ತೆಗೆಯಿರಿ, ಕಿತ್ತು ಬರದಿದ್ದರೆ ಬಲವಂತ ಮಾಡದೆ ಪುಟದ ಸಮೇತ ಇಡಿ. ಲ್ಯಾಮಿನೇಷನ್ ಬೇಡವೇ ಬೇಡ. ಹಿಂದೆ ಬರೆಯುವುದಾದರೆ ಮೆದು ಪೆನ್ಸಿಲ್, ಅಂಚಿನಲ್ಲಿ, ಹಗುರ ಕೈಯಲ್ಲಿ. ಬಾಲ್‌ಪೆನ್ನಿನ ಒತ್ತು ಮುಂದೆ ಮುಖದ ಮೇಲೆ ಗೀರಾಗಿ ಏಳುತ್ತದೆ. ನೆಗೆಟಿವ್ ಡಬ್ಬಿ ತೆಗೆದಾಗ ವಿನೆಗರ್ ವಾಸನೆ ಬಂದರೆ ಫಿಲ್ಮ್ ಕೊಳೆಯುತ್ತಿದೆ ಎಂದರ್ಥ, ಬೇರೆಯವುಗಳಿಂದ ದೂರವಿಟ್ಟು ಬೇಗ ಪ್ರತಿ ತೆಗೆಸಿ. ಇದೆಲ್ಲಕ್ಕಿಂತ ಮೊದಲು ಮನೆಯ ಹಿರಿಯರ ಪಕ್ಕ ಆ ಕಟ್ಟು ಇಟ್ಟುಕೊಂಡು ಒಂದು ಮಧ್ಯಾಹ್ನ ಕೂರಿ. ಫೋನಿನಲ್ಲಿ ಧ್ವನಿಮುದ್ರಣ ಹಾಕಿ ಮರೆತುಬಿಡಿ. ಅವರು ಫೋಟೋ ಬಿಟ್ಟು ಇನ್ನೇನೋ ಹೇಳುತ್ತಾರೆ, ಹೇಳಲಿ.

ಸಂಸ್ಥೆಗಳೂ ಮಾಡಬೇಕಾದ್ದು ಇದನ್ನೇ, ಸ್ವಲ್ಪ ದೊಡ್ಡ ಮಟ್ಟದಲ್ಲಿ. 2008ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಸಾವಿರಾರು ಹಳೆಯ ಚಿತ್ರಗಳನ್ನು ಫೋಟೋ ಹಂಚಿಕೊಳ್ಳುವ ಜಾಲತಾಣವಾದ ಫ್ಲಿಕರ್‌ನಲ್ಲಿ ಹಾಕಿ ಗೊತ್ತಿದ್ದವರು ಹೇಳಿ ಎಂದು ಕೇಳಿತು. ಜನ ಹೇಳಿದರು. ಸಿಬ್ಬಂದಿ ಪರಿಶೀಲಿಸಿ ತಮ್ಮ ಪಟ್ಟಿ ತಿದ್ದಿಕೊಂಡರು. ಅಷ್ಟು ದೊಡ್ಡ ಸಂಸ್ಥೆಗೆ 'ನಮಗೆ ಗೊತ್ತಿಲ್ಲ, ನೀವು ಹೇಳಿ' ಎನ್ನಲು ನಾಚಿಕೆಯಾಗಲಿಲ್ಲ. ನಿಮಗೇಕೆ ಆಗಬೇಕು?

ಬಲತುದಿಯಲ್ಲಿ ನಿಂತವರ ವಿಷಯಕ್ಕೆ ಬರುತ್ತೇನೆ. ಆ ಫೋಟೋದ ಪ್ರತಿಯನ್ನು ಚೀಲದಲ್ಲಿಟ್ಟುಕೊಂಡು ಎರಡು ವರ್ಷ ಅಲೆದಿದ್ದೇನೆ. ಕುಳಿತ ನಾಲ್ವರಲ್ಲಿ ಒಬ್ಬರ ಮಗಳು ಸಿಕ್ಕರು, ತೊಂಬತ್ತು ದಾಟಿದವರು. ತಮ್ಮ ತಂದೆಯ ಮೇಲೆ ಬೆರಳಿಟ್ಟರು, ಪಕ್ಕದ ಮೂವರನ್ನು ದಾಟಿದರು, ನಿಂತವರಲ್ಲಿ ಯಾರನ್ನೂ ಗುರುತಿಸಲಿಲ್ಲ. ಬೆರಳು ಬಲತುದಿಗೆ ಬಂದು ನಿಂತಿತು. "ಅಯ್ಯೋ, ಇವರು ಇಲ್ಲಿದ್ದಾರಾ!" ಎಂದರು. ಕಚೇರಿಯ ಜವಾನರು. ಮಳೆ ಬಂದ ದಿನ ಈ ಅಮ್ಮನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಯಿಂದ ಮನೆಗೆ ತರುತ್ತಿದ್ದವರು. ಹೆಸರು ಹೇಳಿದರು, ಅವರ ತಂದೆಯ ಹೆಸರನ್ನೂ ಹೇಳಿದರು. ಗುಂಡಿಯ ವಿಷಯ ಕೇಳಿದೆ. "ನಮ್ಮಮ್ಮ ಹೊಲಿದುಕೊಟ್ಟದ್ದಿರಬೇಕು, ಅವರಿಗೆ ಮನೆಯಲ್ಲಿ ಯಾರೂ ಇರಲಿಲ್ಲ" ಎಂದರು. ಆ ಅಮ್ಮ ಹೋದ ಚಳಿಗಾಲದಲ್ಲಿ ತೀರಿಕೊಂಡರು.

ಮೂಲ ಫೋಟೋ ಇರುವ ಸಂಸ್ಥೆಗೆ ಇದನ್ನೆಲ್ಲ ಬರೆದು ಕಳಿಸಿದೆ. ಉತ್ತರವಿಲ್ಲ. ಖುದ್ದಾಗಿ ಹೋದೆ. ಅಡಿಬರಹ ತಿದ್ದಲು ಅವಕಾಶವಿಲ್ಲ, ಪಟ್ಟಿಯಲ್ಲಿ ಅದಕ್ಕೊಂದು ಕಾಲಂ ಇಲ್ಲ ಎಂದರು. ಮೂಲವನ್ನು ತಿದ್ದಿ ಎಂದು ನಾನು ಕೇಳಿಲ್ಲ, ಅದು ಇದ್ದ ಹಾಗೇ ಇರಲಿ. ಪಕ್ಕದಲ್ಲಿ ಒಂದು ಸಾಲು ಸೇರಿಸಿ: ಯಾರು ಹೇಳಿದ್ದು, ಯಾವತ್ತು ಹೇಳಿದ್ದು, ಎಷ್ಟು ಖಚಿತ. ತಪ್ಪಿದ್ದರೆ ನಾಳೆ ಇನ್ನೊಬ್ಬರು ಬಂದು ತಿದ್ದುತ್ತಾರೆ. ಆ ಜವಾನರ ಬಂಧುಗಳು ಯಾರಾದರೂ ಇದ್ದಾರೋ ಎಂದು ಇನ್ನೂ ಹುಡುಕುತ್ತಿದ್ದೇನೆ, ಕೇಳದೆ ಆ ಹೆಸರನ್ನು ಈ ಪತ್ರದಲ್ಲಿ ಹಾಕುವುದು ಸರಿಯಲ್ಲ ಎನಿಸಿತು. ನನ್ನ ಪ್ರತಿಯ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದೇನೆ.

ನಿಮ್ಮ ಪಟ್ಟಿಯಲ್ಲಿ ಎಲ್ಲಿ ಬರೆಸಬೇಕು, ತಿಳಿಸಿ. ಬರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಹಳೆಯ ಫೋಟೋಗಳ ಹಿಂದೆ ಬಿದ್ದ ಒಬ್ಬ ಓದುಗ